ಗ್ಯಾಸುದೀಪದ ಚಿತ್ರಮಂದಿರ

ಉಣ್ಣೆಯ ಗಿರಣಿಗಳಿಂದಲೂ ಸಿದ್ಧ ಉಡುಪಿನ ಕಾರ್ಖಾನೆಗಳಿಂದಲೂ ಒಂದು ಕಾಲಕ್ಕೆ ಅಪಾರ ಸಂಪತ್ತನ್ನು ಗಳಿಸಿದ, ಉತ್ತರ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ, ನಗರದ ನಡುಭಾಗದಿಂದ ವಾಯವ್ಯಕ್ಕೆ ಒಂದೆರಡು ಮೈಲಿ ನಡೆದು ಹೋದರೆ, ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಕೆಂಪು ಇಟ್ಟಿಗೆಯ ಸಾಲುಮನೆಗಳ ನಡುವೆ, ಬ್ರೂಡನೆಲ್ ರಸ್ತೆಯ ಮೂಲೆಯೊಂದರಲ್ಲಿ, 1914ನೆಯ ಇಸವಿಯಿಂದ ಚಿತ್ರಪ್ರದರ್ಶನವನ್ನೇ ಕುಲವೃತ್ತಿಯನ್ನಾಗಿ ಮಾಡಿಕೊಂಡು ಬಂದಿರುವ ಒಂದು ಸಣ್ಣ ಕಟ್ಟಡ ಕಾಣಸಿಗುತ್ತದೆ. ಅದರ ಹೆಸರು ಹೈಡ್ ಪಾರ್ಕ್ ಪಿಕ್ಚರ್ ಹೌಸ್. ಹೈಡ್ ಪಾರ್ಕ್ ಎಂದೊಡನೆ ಲಂಡನ್ನಿನ ವಿಶಾಲವಾದ ಉದ್ಯಾನವನ್ನು ನೆನೆಯುವುದು ನಮ್ಮವರಿಗೆ ಸಹಜ. ಆದರೆ ಇದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ದುಡಿಮೆಗಾರರೂ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳೂ ಒತ್ತೊತ್ತಾಗಿ ವಾಸಿಸುವ ಲೀಡ್ಸಿನ ಒಂದು ಬಡಾವಣೆಯ ಹೆಸರು. ಅಮೃತಶಿಲೆಯ ಮೆಟ್ಟಿಲುಗಳಾಗಲಿ ಸಾವಿರಾರು ಆಸನಗಳಾಗಲಿ ಈ ಮಂದಿರಕ್ಕೆ ಎಂದೂ ಇರಲಿಲ್ಲ. ಅಂತಹ ವೈಭವವಿದ್ದ ಚಿತ್ರಮಂದಿರಗಳು ಒಂದೊಂದಾಗಿ ಮಣ್ಣುಪಾಲಾಗಿ, ಈ ಬಡಾವಣೆಯ ಮಂದಿರ ಮಾತ್ರ ಉಳಿದುದು ಹೇಗೆಂಬುದು ವಿಚಾರಿಸಿ ತಿಳಿಯಬೇಕಾದ ಸಂಗತಿ.

ಲೀಡ್ಸ್ ನಗರಕ್ಕೂ ಚಲಚ್ಚಿತ್ರಕ್ಕೂ ಇರುವ ನಂಟು ಈ ಕಟ್ಟಡಕ್ಕಿಂತಲೂ ಹಳೆಯದು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲ್ಯೂಮಿಯೇರ್ ಸೋದರರು ಹಣ ಪಡೆದು ಸಾರ್ವಜನಿಕರಿಗೆ ತೋರಿಸಿದ ಪ್ರದರ್ಶನದಿಂದ ಸಿನಿಮಾದ ಚರಿತ್ರೆಯನ್ನು ಆರಂಭಿಸುವುದು ವಾಡಿಕೆಯಾಗಿದೆ. ಅದಕ್ಕೆ ಏಳು ವರ್ಷ ಮೊದಲೇ, 1888ರ ಅಕ್ಟೋಬರಿನಲ್ಲಿ, ಲೀಡ್ಸಿನಲ್ಲಿ ನೆಲಸಿದ್ದ ಲೂಯಿ ಲ ಪ್ರಿನ್ಸ್ ಎಂಬ ಫ್ರೆಂಚ್ ಮೂಲದ ಕಲಾವಿದನು ತಾನೇ ನಿರ್ಮಿಸಿದ ಒಂದೇ ಮಸೂರದ ಕ್ಯಾಮರಾವನ್ನು ತನ್ನ ಮಾವನ ಮನೆಯ ತೋಟದಲ್ಲಿ ನಿಲ್ಲಿಸಿ, ಮಗ, ಅತ್ತೆ, ಮಾವ ಮತ್ತು ಒಬ್ಬ ಪರಿಚಿತೆ ಹುಲ್ಲಿನ ಮೇಲೆ ಸುತ್ತಾಡುವುದನ್ನು ಚಿತ್ರೀಕರಿಸಿದ್ದನು. ಎರಡು ಕ್ಷಣಗಳ ಈ ದೃಶ್ಯ ಇಂದಿಗೂ ಉಳಿದಿದ್ದು, ಲಭ್ಯವಿರುವ ಚಲಚ್ಚಿತ್ರಗಳಲ್ಲಿ ಅತ್ಯಂತ ಪ್ರಾಚೀನವೆಂದು ಪರಿಗಣಿತವಾಗಿದೆ. ಚಿತ್ರದಲ್ಲಿ ತಿರುಗುವ ಆ ವೃದ್ಧೆ, ಅಂದರೆ ಆತನ ಅತ್ತೆ, ಇದಾದ ಹತ್ತು ದಿನಗಳಲ್ಲಿ ತೀರಿಕೊಂಡಳು. ಅದೇ ಕಾಲದಲ್ಲಿ ಆತನು ಲೀಡ್ಸ್ ಸೇತುವೆಯ ಮೇಲಿನ ಗಾಡಿಗಳ ಸಂಚಾರವನ್ನೂ ಸೆರೆಹಿಡಿದನು. ಆದರೆ ತನ್ನ ಸಾಧನೆಯನ್ನು ಲೋಕದ ಮುಂದಿಡುವ ಭಾಗ್ಯ ಅವನಿಗೆ ದೊರೆಯಲಿಲ್ಲ. 1890ರ ಸೆಪ್ಟೆಂಬರಿನಲ್ಲಿ ದಿಜಾನ್ ಎಂಬ ಊರಿನಲ್ಲಿ ಪ್ಯಾರಿಸ್ಸಿನ ರೈಲು ಹತ್ತಿದ ಲ ಪ್ರಿನ್ಸ್ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನಿಗೆ ಏನಾಯಿತೆಂಬುದು ಇಂದಿಗೂ ಬಗೆಹರಿದಿಲ್ಲ. ಆತನ ಕಾರ್ಯಾಗಾರವಿದ್ದ ವುಡ್‌ಹೌಸ್ ಲೇನ್ ಎಂಬ ಬೀದಿ ನಮ್ಮ ಈ ಚಿತ್ರಮಂದಿರಕ್ಕೆ ಕಾಲುನಡಿಗೆಯ ದೂರದಲ್ಲಿಯೇ ಇದೆ. ಲೀಡ್ಸಿನವರು ಈ ಸಂಗತಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ಅವರಿಗೆ ಆ ಹಕ್ಕಿದೆ.

ಚಲಚ್ಚಿತ್ರಕ್ಕೆಂದೇ ಪ್ರತ್ಯೇಕವಾದ ಕಟ್ಟಡಗಳು ಎದ್ದುದು ರಸಿಕತೆಯಿಂದ ಎನ್ನುವುದಕ್ಕಿಂತ ಭಯದಿಂದ ಎನ್ನುವುದೇ ಸತ್ಯಕ್ಕೆ ಹತ್ತಿರವಾದೀತು. ಆರಂಭದ ವರ್ಷಗಳಲ್ಲಿ ಜಾತ್ರೆಯ ಡೇರೆಗಳಲ್ಲಿ, ಖಾಲಿ ಮಳಿಗೆಗಳಲ್ಲಿ, ಸಂಗೀತ ಸಭಾಂಗಣಗಳಲ್ಲಿ ಚಿತ್ರಗಳನ್ನು ತೋರಿಸುತ್ತಿದ್ದರು. ಅಂದಿನ ನೈಟ್ರೇಟ್ ಫಿಲ್ಮು ಒಮ್ಮೆ ಹೊತ್ತಿಕೊಂಡರೆ ನೀರಿಗೂ ಆರದಂತಹ ದಹನಶೀಲ ವಸ್ತು. 1897ರಲ್ಲಿ ಪ್ಯಾರಿಸ್ಸಿನ ಧರ್ಮಾರ್ಥ ಮೇಳವೊಂದರಲ್ಲಿ ಚಿತ್ರಯಂತ್ರದ ದೀಪದ ಬಳಿ ಹುಟ್ಟಿದ ಬೆಂಕಿಯು ನೂರಕ್ಕೂ ಹೆಚ್ಚು ಜನರನ್ನು ಆಹುತಿ ತೆಗೆದುಕೊಂಡಿತು. ಇಂತಹ ಅನಾಹುತಗಳ ದೆಸೆಯಿಂದ ಬ್ರಿಟಿಷ್ ಪಾರ್ಲಿಮೆಂಟು 1909ರಲ್ಲಿ ಸಿನಿಮಾಟೋಗ್ರಾಫ್ ಕಾಯಿದೆಯನ್ನು ಮಾಡಿ, ಪ್ರದರ್ಶನಕ್ಕೆ ಪರವಾನಗಿ ಬೇಕೆಂದೂ, ಯಂತ್ರದ ಕೋಣೆಯು ಪ್ರೇಕ್ಷಕರಿಂದ ಬೇರ್ಪಟ್ಟು ಬೆಂಕಿಯನ್ನು ತಡೆಯುವಂತಿರಬೇಕೆಂದೂ ವಿಧಿಸಿತು. ಡೇರೆಯವರಿಗೂ ಮಳಿಗೆಯವರಿಗೂ ಇದು ಸಾಧ್ಯವಾಗದೆ, ಬಂಡವಾಳವಿದ್ದವರು ಹೊಸ ಮಂದಿರಗಳನ್ನು ಕಟ್ಟಲಾರಂಭಿಸಿದರು. 1918ರಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ಅಂತಹುದೇ ಕಾಯಿದೆಯೊಂದು ಬಂದಿತು. ನಮ್ಮ ಟಾಕೀಸುಗಳಲ್ಲಿ ಹಿಂದಿನ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕಿನ ಕೋಲು ಹೊರಡುವುದನ್ನು ಕತ್ತು ತಿರುಗಿಸಿ ನೋಡಿದ ಮಕ್ಕಳೆಲ್ಲರೂ, ತಮಗೆ ತಿಳಿಯದೆಯೇ, ಆ ಅಗ್ನಿಭಯದ ಕಾನೂನನ್ನು ನೋಡಿದವರೇ.

ಹೈಡ್ ಪಾರ್ಕ್ ಪಿಕ್ಚರ್ ಹೌಸ್ ಈ ಹೊಸ ಮಂದಿರಗಳ ಪೀಳಿಗೆಗೆ ಸೇರಿದ್ದು. ಥಾಮಸ್ ವಿನ್ ಅಂಡ್ ಸನ್ಸ್ ಎಂಬ ಸ್ಥಳೀಯ ವಾಸ್ತುಶಿಲ್ಪಿಗಳ ಸಂಸ್ಥೆ ಅದನ್ನು ರೂಪಿಸಿತು. ಎರಡು ರಸ್ತೆಗಳು ಕೂಡುವ ಮೂಲೆಗೆ ಮುಖಮಾಡಿ, ಗ್ರೀಕ್ ಮಾದರಿಯ ಬಿಳಿಯ ಕಂಬಗಳ ಪ್ರವೇಶದ್ವಾರ. ರಸ್ತೆಯ ಕಡೆಗೇ ತೆರೆದುಕೊಂಡ ಟಿಕೆಟ್ಟಿನ ಪುಟ್ಟ ಗೂಡು. ಒಳಗೆ ಕಮಾನಿನ ಛಾವಣಿ, ಗಾರೆಯ ಚಿತ್ತಾರದಿಂದ ಅಲಂಕೃತವಾದ ಒಂದು ಬಾಲ್ಕನಿ. 1914ರ ನವೆಂಬರ್ 7ರಂದು ಅದರ ಬಾಗಿಲು ತೆರೆಯಿತು. ಮೊದಲನೆಯ ಮಹಾಯುದ್ಧ ಆರಂಭವಾಗಿ ಆಗ ಮೂರು ತಿಂಗಳು. ಉದ್ಘಾಟನೆಗೆಂದು ಆರಿಸಿದ್ದು ‘ದೇರ್ ಓನ್ಲಿ ಸನ್’ ಎಂಬ ದೇಶಭಕ್ತಿಯ ಚಿತ್ರ. ಸುತ್ತಲಿನ ಸಾಲುಮನೆಗಳಿಂದ ಯುವಕರು ಸೈನ್ಯಕ್ಕೆ ಸೇರಿ ಫ್ರಾನ್ಸಿಗೆ ಹೋಗುತ್ತಿದ್ದ ದಿನಗಳವು. ರೇಡಿಯೋ ಇನ್ನೂ ಮನೆಗಳಿಗೆ ಬಂದಿರಲಿಲ್ಲ. ಯುದ್ಧಭೂಮಿಯ ಚಲಿಸುವ ಚಿತ್ರವೆಂಬುದು ವಾರ್ತಾಚಿತ್ರಗಳಲ್ಲಲ್ಲದೆ ಬೇರೆಲ್ಲಿಯೂ ಕಾಣುವಂತಿರಲಿಲ್ಲ. ಮನೆಯಲ್ಲಿ ಉಳಿದವರು ಬಂದು ಕುಳಿತು ಆ ವಾರ್ತಾಚಿತ್ರಗಳನ್ನು ನೋಡಿದರು. ವಿನೋದಕ್ಕೆಂದು ಕಟ್ಟಿದ ಮನೆಯು ತನ್ನ ಮೊದಲನೆಯ ವಾರದಿಂದಲೇ ನೆರೆಹೊರೆಯವರ ಆತಂಕಕ್ಕೂ ಆಶ್ರಯವಾಗಬೇಕಾಗಿ ಬಂದಿತು. ಆ ಮಂದಿರಕ್ಕೂ ಬಡಾವಣೆಗೂ ಬೆಳೆದ ಬಾಂಧವ್ಯಕ್ಕೆ ಇಂತಹ ಆರಂಭವೂ ಒಂದು ಕಾರಣವೆಂದು ನನ್ನ ಊಹೆ.

ಈ ಮಂದಿರವನ್ನು ಲೋಕಪ್ರಸಿದ್ಧವಾಗಿಸಿದುದು ಅದರ ದೀಪಗಳು. ಪ್ರೇಕ್ಷಾಗೃಹದ ಗೋಡೆಗಳಲ್ಲಿ ಒಂಬತ್ತು ಗ್ಯಾಸುದೀಪಗಳಿವೆ. ಚಿತ್ರ ನಡೆಯುತ್ತಿರುವಾಗಲೂ ಅವು ಮಂದವಾಗಿ ಉರಿಯುತ್ತಿರುತ್ತವೆ. ಗ್ಯಾಸುದೀಪವಿನ್ನೂ ಬಳಕೆಯಲ್ಲಿರುವ ಚಿತ್ರಮಂದಿರ ಜಗತ್ತಿನಲ್ಲಿ ಇದೊಂದೇ ಎಂದು ಹೇಳುವುದುಂಟು. ನಮ್ಮ ಹಳ್ಳಿಗಳ ಮದುವೆಯ ಚಪ್ಪರಗಳಲ್ಲಿ, ಯಕ್ಷಗಾನದ ಬಯಲುಗಳಲ್ಲಿ ಒಂದು ಕಾಲಕ್ಕೆ ಸುಯ್ಯೆಂದು ಉರಿಯುತ್ತಿದ್ದ ಪೆಟ್ರೋಮ್ಯಾಕ್ಸನ್ನು, ಸೀಮೆಎಣ್ಣೆಯಿಂದ ಉರಿಯುವುದಾದರೂ ‘ಗ್ಯಾಸ್‌ಲೈಟು’ ಎಂದೇ ಜನ ಕರೆಯುತ್ತಿದ್ದರಷ್ಟೆ. ಅದರ ಮ್ಯಾಂಟಲನ್ನು ನೋಡಿದವರಿಗೆ ಈ ದೀಪದ ಮರ್ಮವನ್ನು ವಿವರಿಸಬೇಕಾದುದಿಲ್ಲ. ವ್ಯತ್ಯಾಸವಿಷ್ಟೇ: ಅಲ್ಲಿ ಇಂಧನವು ಗೋಡೆಯೊಳಗಿನ ಕೊಳವೆಯಲ್ಲಿ ಹರಿದು ಬರುತ್ತದೆ, ಬೆಳಕೂ ನಮ್ಮದರಷ್ಟು ಪ್ರಖರವಲ್ಲ.

ವಿದ್ಯುತ್ತು ಸುಲಭವಾಗಿದ್ದ ನಗರದಲ್ಲಿ ಗ್ಯಾಸುದೀಪವೇಕೆ ಎಂದು ಕೇಳಬಹುದು. ಬೆಂಗಳೂರಿನ ಮಾರುಕಟ್ಟೆಯ ಬಳಿ ವಿದ್ಯುದ್ದೀಪ ಬೆಳಗಿದುದೇ 1905ರ ಆಗಸ್ಟಿನಲ್ಲಿ. ಅದಾಗಿ ಒಂಬತ್ತು ವರ್ಷಗಳ ತರುವಾಯ, ಕೈಗಾರಿಕೆಗೆ ಹೆಸರಾದ ಲೀಡ್ಸಿನಲ್ಲಿ ವಿದ್ಯುತ್ತಿಗೆ ಬರವೇನೂ ಇರಲಿಲ್ಲ. ಕಾರಣ ಬೇರೆಯೇ ಇತ್ತು. ಗಂಡಸರೂ ಹೆಂಗಸರೂ ಅಪರಿಚಿತರ ನಡುವೆ ಎರಡು ಗಂಟೆ ಕತ್ತಲೆಯಲ್ಲಿ ಒಟ್ಟಿಗೆ ಕುಳಿತಿರುವುದೆಂಬ ಹೊಸ ಅನುಭವವು ಅಂದಿನ ಸಭ್ಯ ಸಮಾಜಕ್ಕೆ ಕಳವಳವನ್ನುಂಟುಮಾಡಿತ್ತು. ಪಾದ್ರಿಗಳು ಉಪದೇಶ ಮಾಡಿದರು, ಪತ್ರಿಕೆಗಳು ಎಚ್ಚರಿಸಿದವು. ಕತ್ತಲೆ ಪೂರ್ಣವಾಗದಂತೆ ನೋಡಿಕೊಂಡರೆ ಅನುಚಿತ ವರ್ತನೆಗೆ ಅವಕಾಶವಿರಲಾರದೆಂಬ ಎಣಿಕೆಯಿಂದ, ಚಿತ್ರಕ್ಕೆ ಭಂಗ ಬಾರದಷ್ಟು, ಆದರೆ ಪಕ್ಕದವನ ಕೈ ಎಲ್ಲಿದೆಯೆಂಬುದು ಕಾಣುವಷ್ಟು ಬೆಳಕನ್ನು ಉಳಿಸಿಕೊಳ್ಳುವುದು ರೂಢಿಯಾಯಿತು. ನೀತಿಯನ್ನು ಕಾಯಲೆಂದು ಹಚ್ಚಿದ ದೀಪಗಳಿಂದ ನೀತಿಗೆ ಎಷ್ಟು ಉಪಕಾರವಾಯಿತೋ ಯಾರು ಬಲ್ಲರು! ಇಂದು ಅವುಗಳಿಂದ ನಿಶ್ಚಯವಾಗಿ ಆಗುತ್ತಿರುವ ಉಪಕಾರ ಬೇರೆಯದು. ಪೂರ್ಣ ಕತ್ತಲೆಯಲ್ಲಿ ಪ್ರೇಕ್ಷಕನು ಒಬ್ಬಂಟಿ. ಮಂದವಾದ ಆ ಹೊಂಬೆಳಕಿನಲ್ಲಿ ಮುಂದಿನ ಸಾಲಿನವರ ತಲೆಗಳು, ನಗುವಾಗ ಅಲುಗುವ ಭುಜಗಳು ಕಾಣುತ್ತವೆ, ತಾನೂ ಒಂದು ಗುಂಪಿನಲ್ಲಿದ್ದೇನೆಂಬ ಅರಿವು ಆರದೆ ಉಳಿಯುತ್ತದೆ.

‘ಸ್ವತಂತ್ರ ಚಿತ್ರಮಂದಿರ’ವೆಂದು ಇಂತಹವುಗಳನ್ನು ಕರೆಯುವುದರ ಅರ್ಥವನ್ನು ಇಲ್ಲಿ ವಿಶದಪಡಿಸಬೇಕು. 1930ರ ದಶಕದ ವೇಳೆಗೆ ಬ್ರಿಟನ್ನಿನಲ್ಲಿ ಓಡಿಯನ್, ಗೋಮಾಂಟ್ ಮುಂತಾದ ದೊಡ್ಡ ಕಂಪನಿಗಳು ದೇಶದ ಉದ್ದಗಲಕ್ಕೂ ಸರಪಳಿಯಾಗಿ ಚಿತ್ರಮಂದಿರಗಳನ್ನು ಹೊಂದಿದ್ದುವು. ಹೊಸ ಚಿತ್ರ ಬಿಡುಗಡೆಯಾದರೆ ಮೊದಲ ಅವಕಾಶ ಅವಕ್ಕೇ. ಯಾವ ಸರಪಳಿಗೂ ಸೇರದ ಬಡಾವಣೆಯ ಮಂದಿರಗಳಿಗೆ ಅದೇ ಚಿತ್ರ, ನಗರದ ದೊಡ್ಡ ಮಂದಿರಗಳಲ್ಲಿ ಓಡಿ ಮುಗಿದ ಬಳಿಕ, ಗೀರುಬಿದ್ದ ಪ್ರತಿಯಾಗಿ ತಲಪುತ್ತಿತ್ತು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ನೂರು ದಿನ ಕಂಡ ಚಿತ್ರವು ಬಿ ಮತ್ತು ಸಿ ಕೇಂದ್ರಗಳೆನಿಸಿದ ಸಣ್ಣ ಊರುಗಳಿಗೆ ಬರುವ ಹೊತ್ತಿಗೆ ಅದರ ಹಾಡುಗಳು ಜನರ ಬಾಯಲ್ಲಿ ಹಳತಾಗಿರುತ್ತಿದ್ದುದನ್ನು ಬಲ್ಲ ನಮಗೆ ಈ ವ್ಯವಸ್ಥೆ ಅಪರಿಚಿತವಲ್ಲ. ತಡವಾಗಿ ಬಂದ ಚಿತ್ರಕ್ಕೂ ಜನ ತಪ್ಪದೆ ಬರುತ್ತಿದ್ದರು, ಏಕೆಂದರೆ ಮಂದಿರವು ಮನೆಗೆ ಹತ್ತಿರವಿತ್ತು, ಟಿಕೆಟ್ಟು ಅಗ್ಗವಾಗಿತ್ತು, ಚಳಿಗಾಲದಲ್ಲಿ ಒಳಗೆ ಬೆಚ್ಚಗಿತ್ತು. ಮೂಕಚಿತ್ರ ಹೋಗಿ ವಾಕ್ಚಿತ್ರ ಬಂದಿತು. ಇನ್ನೊಂದು ಮಹಾಯುದ್ಧವೂ ಬಂದು ಹೋಯಿತು. 1946ರಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ 163 ಕೋಟಿಗೂ ಮೀರಿ ಟಿಕೆಟ್ಟುಗಳು ಮಾರಾಟವಾದುವು. ಎಂದರೆ, ಮಕ್ಕಳು ಮುದುಕರನ್ನೂ ಸೇರಿಸಿ ಎಣಿಸಿದರೆ, ತಲೆಯೊಂದಕ್ಕೆ ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು.

ಅಲ್ಲಿಂದ ಮುಂದಿನ ಕಥೆ ಇಳಿಜಾರಿನದು. ಟೆಲಿವಿಷನ್ ಬಂದಿತು; ಹಳೆಯ ಬಡಾವಣೆಗಳನ್ನು ಕೆಡವಿ ಜನರನ್ನು ನಗರದ ಹೊರವಲಯಕ್ಕೆ ಸಾಗಿಸಿದರು; ವಿಡಿಯೋ ಬಂದಿತು. 1984ರ ವೇಳೆಗೆ ಆ 163 ಕೋಟಿಯು ಐದೂವರೆ ಕೋಟಿಗೂ ಕೆಳಗೆ ಕುಸಿದಿತ್ತು. ಮರುವರ್ಷವೇ ಮಿಲ್ಟನ್ ಕೀನ್ಸಿನಲ್ಲಿ ಬ್ರಿಟನ್ನಿನ ಮೊದಲ ಮಲ್ಟಿಪ್ಲೆಕ್ಸು ತೆರೆಯಿತು. ಕಾರು ಇದ್ದವರಿಗೆ ಅದು ಅನುಕೂಲ. ಬಡಾವಣೆಯ ಮಂದಿರಗಳು ಬಿಂಗೋ ಜೂಜಿನ ಮನೆಗಳಾದುವು, ಗೋದಾಮುಗಳಾದುವು, ಮತ್ತೆ ಕೆಲವು ವಾಹನ ನಿಲ್ಲಿಸುವ ಬಯಲಾದುವು. ಹೈಡ್ ಪಾರ್ಕಿನ ಮಂದಿರ ಇಷ್ಟರಲ್ಲಿ ಜನಪ್ರಿಯ ಚಿತ್ರಗಳ ಪೈಪೋಟಿಯನ್ನು ಬಿಟ್ಟು, ಪಕ್ಕದಲ್ಲಿಯೇ ಇದ್ದ ವಿಶ್ವವಿದ್ಯಾಲಯದ ಬಲದಿಂದ, ವಿದೇಶೀ ಭಾಷೆಗಳ ಚಿತ್ರಗಳಿಗೂ ಕಲಾತ್ಮಕ ಚಿತ್ರಗಳಿಗೂ ಎಡೆಕೊಟ್ಟು ಹೇಗೋ ಉಸಿರಾಡುತ್ತಿದ್ದಿತು. 1989ರಲ್ಲಿ ಅದಕ್ಕೂ ಬಾಗಿಲು ಮುಚ್ಚುವ ಕಾಲ ಸನ್ನಿಹಿತವಾಯಿತು.

ಆಗ ನಡೆದುದೇ ಈ ವೃತ್ತಾಂತದ ತಿರುಳು. ಲೀಡ್ಸಿನ ನಗರಸಭೆಯು ಮುಂದೆ ಬಂದು ಚಿತ್ರಮಂದಿರವನ್ನು ವಹಿಸಿಕೊಂಡಿತು. ಅದೇ ನಗರಸಭೆಯ ಆಶ್ರಯದಲ್ಲಿ ಗ್ರ್ಯಾಂಡ್ ಥಿಯೇಟರ್ ಎಂಬ ಹತ್ತೊಂಬತ್ತನೆಯ ಶತಮಾನದ ಭವ್ಯ ನಾಟ್ಯಶಾಲೆ ಮೊದಲೇ ಇದ್ದಿತು. ಅದನ್ನು ನಡೆಸುತ್ತಿದ್ದ ಸಂಸ್ಥೆಗೆ ಈ ಪುಟ್ಟ ಮಂದಿರವನ್ನೂ ಒಪ್ಪಿಸಿದರು. ಅಧಿಕಾರಸ್ಥರು ತಾವಾಗಿಯೇ ಜ್ಞಾನೋದಯ ಪಡೆದು ಹೀಗೆ ಮಾಡಿದರೆಂದು ಯಾರೂ ಭಾವಿಸಬೇಕಾಗಿಲ್ಲ. ಮಂದಿರದ ಹಿಂದೆ ಗೆಳೆಯರ ಬಳಗವೊಂದು ನಿಂತಿದ್ದಿತು: ವರ್ಷಕ್ಕಿಷ್ಟೆಂದು ಚಂದಾ ಕೊಡುವವರು, ಬಿಡುವಿನ ವೇಳೆಯಲ್ಲಿ ಬಂದು ಸಂಬಳವಿಲ್ಲದೆ ದುಡಿಯುವವರು. ವ್ಯಾಪಾರವಾಗಿ ನೋಡಿದರೆ ಸೋತ ಸರಕು. ಸಾರ್ವಜನಿಕ ಸೌಕರ್ಯವಾಗಿ ನೋಡಿದರೆ ಕಳೆದುಕೊಳ್ಳಬಾರದ ಆಸ್ತಿ. ಈ ಎರಡನೆಯ ದೃಷ್ಟಿಯಿಂದ ನಗರಸಭೆಯು ಅದನ್ನು ನೋಡುವಂತಾದುದಕ್ಕೆ, ಅಷ್ಟು ಜನ ಅದನ್ನು ತಮ್ಮದೆಂದು ಹೇಳಿಕೊಂಡು ನಿಂತುದೇ ಕಾರಣ. ಜನರ ಪ್ರೀತಿಯೊಂದರಿಂದಲೇ ಛಾವಣಿಯ ಸೋರಿಕೆ ನಿಲ್ಲುವುದಿಲ್ಲ, ಅದಕ್ಕೆ ನಗರದ ಬೊಕ್ಕಸ ಬೇಕು. ಜನರೇ ಬಾರದ ಕಟ್ಟಡಕ್ಕೆ ನಗರದ ಬೊಕ್ಕಸವು ಎಷ್ಟು ಸುರಿದರೂ ವ್ಯರ್ಥ. ಇವೆರಡೂ ಕೂಡಿದುದು ಲೀಡ್ಸಿನ ಪುಣ್ಯ.

ಅಲ್ಲಿಂದೀಚೆಗೆ ಅದರ ಕಾರ್ಯಕ್ರಮಗಳ ಪಟ್ಟಿಯನ್ನು ನೋಡಿದರೆ, ಒಂದು ಬಡಾವಣೆಯಲ್ಲಿ ಎಷ್ಟು ಬಗೆಯ ಜನ ವಾಸಿಸುವರೆಂಬುದು ಮನಸ್ಸಿಗೆ ಬರುತ್ತದೆ. ಹಸುಗೂಸುಗಳ ತಾಯಂದಿರು ಚಿತ್ರ ನೋಡುವುದು ಎಲ್ಲಿಯೂ ಕಷ್ಟ. ಮಗು ಅತ್ತರೆ ಸುತ್ತಲಿನವರು ಸಿಡುಕುತ್ತಾರೆ. ಇಲ್ಲಿ ಕೂಸನ್ನು ಕರೆತಂದವರಿಗಾಗಿಯೇ ಬೇರೆ ಪ್ರದರ್ಶನಗಳಿವೆ. ಅಲ್ಲಿ ಅಳುವವರೇ ಬಹುಸಂಖ್ಯಾತರಾದ್ದರಿಂದ ಸಿಡುಕುವವರಿಲ್ಲ. ಮರೆವಿನ ರೋಗಕ್ಕೆ ತುತ್ತಾದ ವೃದ್ಧರಿಗಾಗಿ ಹಳೆಯ ಚಿತ್ರಗಳ ಮಧ್ಯಾಹ್ನದ ಆಟಗಳು, ಕಿವಿ ಕೇಳದವರಿಗಾಗಿ ಮಾತುಗಳು ತೆರೆಯ ಮೇಲೆ ಅಕ್ಷರರೂಪದಲ್ಲಿ ಮೂಡುವ ಆಟಗಳು, ಶನಿವಾರಗಳಲ್ಲಿ ಮಕ್ಕಳಿಗಾಗಿ ಸುಲಭ ಬೆಲೆಯ ಆಟಗಳು ನಡೆಯುತ್ತವೆ. 1987ರಲ್ಲಿ ಆರಂಭವಾದ ಲೀಡ್ಸ್ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೂ ಇದು ನೆಲೆಯಾಗಿದೆ. ಡಿಜಿಟಲ್ ಯಂತ್ರ ಬಂದ ಮೇಲೆಯೂ 35 ಮಿಲಿಮೀಟರಿನ ಫಿಲ್ಮು ಓಡಿಸುವ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದಾರೆ. ಫಿಲ್ಮಿನ ಡಬ್ಬಗಳು ಸಿಕ್ಕುವುದು ಹೇಗೂ ಇರಲಿ, ಅವುಗಳನ್ನು ಯಂತ್ರಕ್ಕೆ ಹಾಕಿ, ರೀಲಿನಿಂದ ರೀಲಿಗೆ ಬದಲಾಯಿಸಿ ಓಡಿಸಬಲ್ಲ ಕೈಗಳೇ ಈಗ ಅಪರೂಪವಾಗಿವೆ. ಆ ವಿದ್ಯೆ ಉಳಿಯಬೇಕಾದರೆ ಅದನ್ನು ನಿತ್ಯ ಬಳಸುವ ಸ್ಥಳವೊಂದು ಉಳಿಯಬೇಕು.

ಶತಮಾನ ದಾಟಿದ ಕಟ್ಟಡಕ್ಕೆ ಜೀರ್ಣೋದ್ಧಾರ ಅನಿವಾರ್ಯವಾಯಿತು. ಗಾಲಿಕುರ್ಚಿಯಲ್ಲಿ ಬರುವವರಿಗೆ ಒಳಗೆ ಸರಿಯಾದ ದಾರಿಯಿರಲಿಲ್ಲ, ಶೌಚಗೃಹಗಳು ಇಕ್ಕಟ್ಟು, ಒಂದೇ ತೆರೆಯಿದ್ದುದರಿಂದ ಒಂದು ಚಿತ್ರ ಸೋತರೆ ಆ ವಾರವೇ ಸೋತಂತೆ. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಲಾಟರಿಯ ಆದಾಯದ ಒಂದು ಪಾಲು ಪರಂಪರೆಯ ಸಂರಕ್ಷಣೆಗೆ ಮೀಸಲಾಗಿದ್ದು, ಆ ನಿಧಿಯಿಂದ ಸುಮಾರು 23 ಲಕ್ಷ ಪೌಂಡುಗಳು ಈ ಕಾರ್ಯಕ್ಕೆ ಮಂಜೂರಾದುವು. ಕೊರೋನಾ ವ್ಯಾಧಿಯ ಕಾಲವೂ ಕಾಮಗಾರಿಯ ಕಾಲವೂ ಒಂದರ ಬೆನ್ನಿಗೊಂದು ಬಂದು ಮಂದಿರವು ಮೂರು ವರ್ಷಗಳಿಗೂ ಮೇಲ್ಪಟ್ಟು ಮುಚ್ಚಿದ್ದಿತು. ಆದರೆ ಅದರ ಕಾರ್ಯಕರ್ತರು ಸುಮ್ಮನೆ ಕೂರದೆ, ನಗರದ ಬೇರೆ ಬೇರೆ ಕಡೆಗಳಿಗೆ ತೆರೆಯನ್ನೊಯ್ದು ಚಿತ್ರಗಳನ್ನು ತೋರಿಸಿದರು. ನಮ್ಮ ಟೂರಿಂಗ್ ಟಾಕೀಸಿನವರ ಕೆಲಸವನ್ನೇ ಅವರೂ ಮಾಡಿದರೆನ್ನಬಹುದು. 2023ರ ಜೂನ್ 30ರಂದು ಬಾಗಿಲು ಮತ್ತೆ ತೆರೆದಾಗ, ನೆಲಮಾಳಿಗೆಯಲ್ಲಿ ಐವತ್ತರ ಆಸುಪಾಸಿನ ಆಸನಗಳ ಎರಡನೆಯ ಪುಟ್ಟ ಪ್ರೇಕ್ಷಾಗೃಹವೊಂದು ಸೇರಿತ್ತು. ಒಂಬತ್ತು ದೀಪಗಳನ್ನೂ ಬಿಚ್ಚಿ, ದುರಸ್ತಿ ಮಾಡಿಸಿ, ಮತ್ತೆ ಅದೇ ಗೋಡೆಗಳಿಗೆ ಜೋಡಿಸಿದ್ದರು. ಅವುಗಳ ಜಾಗದಲ್ಲಿ ಗ್ಯಾಸುದೀಪದಂತೆ ತೋರುವ ವಿದ್ಯುದ್ದೀಪಗಳನ್ನಿಟ್ಟಿದ್ದರೆ ಖರ್ಚೂ ಉಳಿಯುತ್ತಿತ್ತು, ತೊಂದರೆಯೂ ತಪ್ಪುತ್ತಿತ್ತು. ಹಾಗೆ ಮಾಡದಿದ್ದುದನ್ನು ನಾನು ಮೆಚ್ಚುತ್ತೇನೆ.

ಇದೆಲ್ಲವನ್ನೂ ಹೊಗಳುವಾಗ ಒಂದು ಸಂದೇಹವನ್ನು ಮುಚ್ಚಿಡುವುದು ಸರಿಯಲ್ಲ. ಜಗತ್ತಿನ ಯಾವುದೇ ಕಲಾಚಿತ್ರಮಂದಿರಕ್ಕೂ ಒಂದು ಅಪಾಯವಿರುತ್ತದೆ: ಅದು ಇರುವ ಬೀದಿಯ ಜನಕ್ಕಿಂತ ದೂರದಿಂದ ಬರುವ ರಸಿಕರೇ ಅದಕ್ಕೆ ಆಪ್ತರಾಗಿಬಿಡಬಹುದು. ಯುದ್ಧಕಾಲದಲ್ಲಿ ಗಿರಣಿಯ ಕೆಲಸಗಾರರು ತುಂಬಿಕೊಂಡಿದ್ದ ಬೆಂಚುಗಳಲ್ಲಿ ಇಂದು ಇರಾನಿನ ಅಥವಾ ಜಪಾನಿನ ಚಿತ್ರವನ್ನು ನೋಡುವವರು ಕುಳಿತಿದ್ದಾರೆಂಬುದು ಒಳ್ಳೆಯದೇ. ಎದುರುಮನೆಯ ಮುದುಕಿಯೂ ಆಕೆಯ ಮೊಮ್ಮಗನೂ ಆ ಬಾಗಿಲನ್ನು ದಾಟಬೇಕೆಂಬುದೂ ಅಷ್ಟೇ ಮುಖ್ಯ. ಕೂಸಿನ ತಾಯಿಗೂ ಮರೆವಿನ ವೃದ್ಧರಿಗೂ ಮೀಸಲಾದ ಆ ಆಟಗಳು, ಮಂದಿರವನ್ನು ನಡೆಸುವವರು ಈ ಅಪಾಯವನ್ನು ಬಲ್ಲರೆಂಬುದಕ್ಕೆ ಗುರುತು.

ನಮ್ಮ ಕಡೆಯ ಲೆಕ್ಕವನ್ನು ನೋಡಿದರೆ ಮನಸ್ಸು ಭಾರವಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡುದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಸಮೀಪದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಆ ಮಂದಿರ ಇಂದಿಲ್ಲ. 1936ರಲ್ಲಿ ತೆರೆದ ಪ್ಲಾಜಾ ಇದ್ದ ಸ್ಥಳದಲ್ಲಿ ಮೆಟ್ರೋ ನಿಲ್ದಾಣವಿದೆ. 1968ರಲ್ಲಿ ಆರಂಭವಾದ ಕಪಾಲಿಯನ್ನು 2017ರಲ್ಲಿ ಕೆಡವಿದರು. ಮೆಜೆಸ್ಟಿಕ್ ಚಿತ್ರಮಂದಿರವು ತಾನು ಹೋಗಿ ಒಂದು ಪ್ರದೇಶಕ್ಕೆ ತನ್ನ ಹೆಸರನ್ನು ಮಾತ್ರ ಬಿಟ್ಟಿದೆ. ಇವುಗಳ ಮಾಲೀಕರನ್ನು ದೂರುವುದು ಅನ್ಯಾಯ. ನಗರದ ನಡುವೆ ಬಂಗಾರದ ಬೆಲೆಯ ನೆಲವನ್ನಿಟ್ಟುಕೊಂಡು, ಅರ್ಧ ಖಾಲಿಯಾದ ಕುರ್ಚಿಗಳ ಮುಂದೆ ಚಿತ್ರ ಓಡಿಸುತ್ತ ನಷ್ಟವನ್ನನುಭವಿಸಿರೆಂದು ಯಾವ ಗೃಹಸ್ಥನಿಗೂ ಹೇಳಲು ನಮಗೆ ಅಧಿಕಾರವಿಲ್ಲ. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಪುಸ್ತಕವನ್ನು ಕೊಳ್ಳಲಾರದವನಿಗೂ ಓದಲು ದೊರೆಯಬೇಕೆಂದು ನಾವು 1965ರಲ್ಲಿಯೇ ಗ್ರಂಥಾಲಯ ಕಾಯಿದೆಯನ್ನು ಮಾಡಿಕೊಂಡು, ಆಸ್ತಿತೆರಿಗೆಯೊಡನೆ ಗ್ರಂಥಾಲಯದ ಕರವನ್ನು ಕೊಡುತ್ತ ಬಂದಿದ್ದೇವೆ. ಜಿಲ್ಲೆಗಳಲ್ಲಿ ಸಾರ್ವಜನಿಕ ಹಣದಿಂದ ರಂಗಮಂದಿರಗಳನ್ನು ಕಟ್ಟಿದ್ದೇವೆ. ಇನ್ನೂ ಉಳಿದಿರುವ ಹಳೆಯ ಟಾಕೀಸುಗಳಲ್ಲಿ, ಊರಿಗೆ ಒಂದಲ್ಲದಿದ್ದರೂ ಜಿಲ್ಲೆಗೆ ಒಂದನ್ನಾದರೂ, ಮಾಲೀಕರಿಗೆ ನ್ಯಾಯವಾದ ಬೆಲೆ ಕೊಟ್ಟು, ನಗರಸಭೆಯೂ ಊರವರ ಒಂದು ಬಳಗವೂ ಕೂಡಿ ನಡೆಸಬಾರದೇಕೆ? ನಿಮ್ಮ ಊರಿನ ಟಾಕೀಸಿನ ಬಾಗಿಲಿಗೆ ಬೀಗ ಬೀಳುವ ಮುನ್ನ, ಮುಂದಿನ ನಗರಸಭೆಯ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಈ ಒಂದು ಮಾತು ಕೇಳಿ ನೋಡಿರಿ.